ಭೈರೇಶಣ್ಣ ಆರಿಸಿದ ಲಾಯರು

ಕುರುಬರಹಳ್ಳಿಯಲ್ಲಿ ಯಾರಿಗೆ ಏನು ಬೇಕಾದರೂ ಮೊದಲು ಭೈರೇಶಣ್ಣನನ್ನು ಕೇಳಬೇಕು ಎಂಬ ನಿಯಮವೊಂದಿದೆ. ನಿಯಮ ಮಾಡಿದವರು ಭೈರೇಶಣ್ಣನೇ. ಮಂಡಿನೋವಿಗೆ ಯಾವ ಡಾಕ್ಟರು, ಬೋರ್‌ವೆಲ್ ಪಾಯಿಂಟ್ ನೋಡುವವರು ಯಾರು, ನಾಮಕರಣಕ್ಕೆ ಯಾವ ಅಡುಗೆಯವರು, ಬಾಡಿಗೆದಾರ ಮನೆ ಬಿಡದಿದ್ದರೆ ಯಾವ ವಕೀಲರು, ಎಲ್ಲಕ್ಕೂ ಅವರ ಬಳಿ ಒಂದು ಹೆಸರು, ಒಂದು ನಂಬರು ಮತ್ತು "ನನ್ನ ಹೆಸರು ಹೇಳಿ ಸಾಕು" ಎಂಬ ಮಾತು ಸಿದ್ಧವಾಗಿರುತ್ತದೆ. "ಗೊತ್ತಿಲ್ಲ" ಎಂಬ ಪದವನ್ನು ಅರವತ್ತೆರಡು ವರ್ಷಗಳಲ್ಲಿ ಅವರ ಬಾಯಿಂದ ಕೇಳಿದವರಿಲ್ಲ. ಒಮ್ಮೆ ಊಟ ತಲುಪಿಸುವ ಬೈಕಿನ ಹುಡುಗನೊಬ್ಬ ಅನ್ನಪೂರ್ಣೇಶ್ವರಿ ನಗರದ ವಿಳಾಸ ಕೇಳಿದಾಗ, ತಾವು ಹೆಸರೇ ಕೇಳಿರದ ಅಡ್ಡರಸ್ತೆಗೆ ಎಷ್ಟು ಖಚಿತವಾಗಿ ದಾರಿ ಹೇಳಿದರೆಂದರೆ, ಅವನು ಬ್ಯಾಡರಹಳ್ಳಿ ತಲುಪಿ, ಅಣ್ಣ ಕೊಟ್ಟಿದ್ದ ವಿಸಿಟಿಂಗ್ ಕಾರ್ಡಿನಲ್ಲಿದ್ದ ನಂಬರಿಗೇ ಫೋನ್ ಮಾಡಿ, "ನಿಮ್ಮ ಕಾರ್ಡ್ ಹರದ ಒಗದೀನ್ರಿ, ಅನ್ನ ಆರಿ ಹೋತು" ಎಂದು ಬೈದನಂತೆ.

ಅವರಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ನೆಲ ಈಗ ಎರಡು ಕಟ್ಟಡಗಳಾಗಿ ಬಾಡಿಗೆ ಬೆಳೆಯುತ್ತಿದೆ. ಬಾಡಿಗೆಗೆ ನೀರು ಹಾಯಿಸುವ, ಕಳೆ ಕೀಳುವ ಕೆಲಸವಿಲ್ಲವಾದ್ದರಿಂದ ಭೈರೇಶಣ್ಣನಿಗೆ ದಿನವಿಡೀ ಬಿಡುವು. ಆ ಬಿಡುವನ್ನೆಲ್ಲ ಅವರು ಪರರ ಕೆಲಸಕ್ಕೆ ಕೊಟ್ಟರು. ಕೊಟ್ಟಿದ್ದನ್ನು ಪರರು ಮರೆಯದಂತೆಯೂ ನೋಡಿಕೊಂಡರು.

ಜುಲೈ ತಿಂಗಳ ಒಂದು ಸೋಮವಾರ ಅವರು ಇಡ್ಲಿಯ ಎರಡನೇ ಸುತ್ತಿನಲ್ಲಿದ್ದಾಗ ಮಗಳು ಬಿಂದುಶ್ರೀ ಫೋನ್ ಹಿಡಿದುಕೊಂಡು ಬಂದು ಎದುರು ನಿಂತಳು. ಇಪ್ಪತ್ತೊಂಬತ್ತರ ಬಿಂದುಶ್ರೀ ರಾಜಾಜಿನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ಕೆನಡಾದಲ್ಲಿ ಇದೇ ಕೆಲಸ ಮಾಡಬೇಕೆಂದು ತಾನಾಗಿಯೇ ಇಂಗ್ಲಿಷ್ ಪರೀಕ್ಷೆ ಬರೆದು, ಅಲ್ಲಿ ಕಾಯಂ ನೆಲೆಸುವ ಅನುಮತಿಗೆ ಹೋದ ವರ್ಷ ಅರ್ಜಿ ಹಾಕಿದ್ದಳು. ತಾನಾಗಿಯೇ ಎಂದರೆ ಪರೀಕ್ಷೆಯ ಮಟ್ಟಿಗೆ. "ನೀನು ಡ್ಯೂಟಿ ನೋಡ್ಕೊಮ್ಮ, ಪೇಪರ್ ಕೆಲಸ ಅಪ್ಪಂಗೆ ಬಿಡು" ಎಂದು ಕಾಗದಪತ್ರ ಒಟ್ಟುಮಾಡಿ, ಸೈಬರ್ ಸೆಂಟರಿನಲ್ಲಿ ಕೂತು ಒಂದೊಂದಾಗಿ ಅಪ್‌ಲೋಡ್ ಮಾಡಿಸಿದವರು ಭೈರೇಶಣ್ಣ. ಅವಳು ಸಹಿ ಮಾಡಿದ್ದಳು, ಅಷ್ಟೇ.

"ಅಪ್ಪ, ಕೆನಡಾದಿಂದ ಮೇಲ್ ಬಂದಿದೆ."

"ಬಂತಾ! ಶಿವಗಂಗಾ, ಸಕ್ಕರೆ ತಗೊಂಡ್ ಬಾರೆ!"

"ಸಕ್ಕರೆ ಬೇಡ ಇರಮ್ಮ. ಅಪ್ಪ, ನಾನು ಕೊಟ್ಟಿರೋ ಎಕ್ಸ್‌ಪೀರಿಯೆನ್ಸ್ ಲೆಟರ್ ಸುಳ್ಳು ಅಂತಿದಾರೆ ಅವ್ರು."

ಭೈರೇಶಣ್ಣನ ಕೈಯಲ್ಲಿದ್ದ ತುತ್ತು ಚಟ್ನಿಗೆ ಹೋಗಲಿಲ್ಲ, ಬಾಯಿಗೂ ಹೋಗಲಿಲ್ಲ.

"ಮೂವತ್ತು ದಿನ ಟೈಮ್ ಕೊಟ್ಟಿದಾರೆ" ಎಂದಳು ಬಿಂದುಶ್ರೀ. "ಉತ್ತರ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಅರ್ಜಿ ರಿಜೆಕ್ಟು. ಐದು ವರ್ಷ ಮತ್ತೆ ಹಾಕಂಗಿಲ್ಲ. ಮೋಸ ಮಾಡಿದೋಳು ಅಂತ ಹೆಸರಿನ ಮೇಲೆ ಬರೆದಿಟ್ಕೋತಾರಂತೆ." ಆಮೇಲೆ ತಾನೇ ಸಮಾಧಾನ ಹೇಳಿಕೊಂಡಳು. "ಟೈಪಿಂಗ್ ಮಿಸ್ಟೇಕ್ ಇದು. ನಾನು ಡಾಕ್ಟ್ರ ನರ್ಸಿಂಗ್ ಹೋಮ್ ಸೇರಿದ್ದು ಎರಡು ಸಾವಿರದ ಹದಿನೆಂಟು ಜೂನ್. ಲೆಟರಲ್ಲಿ ಎರಡು ಸಾವಿರದ ಹದಿನಾರು ಜೂನ್ ಅಂತಿದೆ. ಹದಿನಾರರಲ್ಲಿ ನಾನಿನ್ನೂ ಕಾಲೇಜಲ್ಲಿದ್ದೆ ತಾನೆ? ಡಿಗ್ರಿ ಸರ್ಟಿಫಿಕೇಟ್ ನೋಡಿ ಡೌಟ್ ಬಂದಿದೆ ಅವ್ರಿಗೆ. ಎಂಟು ಹೊಡೆಯೋ ಕಡೆ ಆರು ಹೊಡೆದಿದಾರೆ ಅಷ್ಟೆ."

"ಟೈಪಿಂಗ್ ಮಿಸ್ಟೇಕೇ ಇರ್ಬೇಕು" ಎಂದರು ಭೈರೇಶಣ್ಣ.

ಹೇಳಿ ಮುಗಿಸಿದ ಮರುಕ್ಷಣವೇ, ಹೇಳಬಾರದಿತ್ತು ಎಂದು ಅವರಿಗೆ ಅನ್ನಿಸಿತು. ಆದರೆ ಹೇಳಿಯಾಗಿತ್ತು, ಹೆಂಡತಿಯೂ ಕೇಳಿಸಿಕೊಂಡಾಗಿತ್ತು.

ಯಾಕೆಂದರೆ ಅದು ಟೈಪಿಂಗ್ ಮಿಸ್ಟೇಕ್ ಆಗಿರಲಿಲ್ಲ. ನರ್ಸಿಂಗ್ ಹೋಮಿನ ಡಾಕ್ಟರ್ ಮುನಿರಾಜು ಭೈರೇಶಣ್ಣನಿಗೆ ಮೂವತ್ತು ವರ್ಷದ ಸ್ನೇಹಿತ. ಬಿಂದುಶ್ರೀ ಓದು ಮುಗಿಸಿ ಮೊದಲು ಕೆಲಸ ಕಲಿತದ್ದು ಅಲ್ಲಿಯೇ, ಒಂದು ವರ್ಷ ಎಂಟು ತಿಂಗಳು. ಪತ್ರ ಕೇಳಲು ಹೋದ ದಿನ ಡಾಕ್ಟರು, "ಎಷ್ಟು ಅಂತ ಹಾಕ್ಸಲಿ ಭೈರೇಶಣ್ಣ?" ಎಂದು ಕೇಳಿದ್ದರು. ನಮ್ಮ ಕಡೆ ಸರ್ಟಿಫಿಕೇಟು ಎಂದರೆ ಬೀಗರ ಊಟವಿದ್ದ ಹಾಗೆ, ಕೇಳಿದಷ್ಟೇ ಬಡಿಸಿದರೆ ಬಡಿಸಿದವರ ಮರ್ಯಾದೆಗೇ ಕುಂದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಮಗುವಿನ ವಯಸ್ಸಿಗೆ ಆರು ತಿಂಗಳು ಸೇರಿಸುತ್ತಾರೆ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಪ್ರೀತಿ ಎನ್ನುತ್ತಾರೆ. "ಮೂರರ ಮೇಲಿರ್ಲಿ ಡಾಕ್ಟ್ರೇ" ಎಂದಿದ್ದರು ಭೈರೇಶಣ್ಣ. ಹುಡುಗಿ ಕೆಲಸ ಬಿಟ್ಟ ತಾರೀಖನ್ನು ಮುಂದೂಡುವಂತಿರಲಿಲ್ಲ, ಬೇರೆ ಕಡೆ ಸೇರುವುದಿತ್ತು. ಹಾಗಾಗಿ ಸೇರಿದ ತಾರೀಖನ್ನು ಎರಡು ವರ್ಷ ಹಿಂದಕ್ಕೆ ಎಳೆದರು. ಆಗ ಅವಳು ಕಾಲೇಜಿನ ಬೆಂಚಿನ ಮೇಲಿದ್ದಳು ಎಂಬುದು ಇಬ್ಬರು ಹಿರಿಯರಿಗೂ ಹೊಳೆಯಲಿಲ್ಲ. ಪತ್ರಕ್ಕೆ ಮುದ್ರೆ ಬಿತ್ತು, ಕಾಫಿ ಬಂತು. ಹುಡುಗಿಗೆ ಹೇಳಿ ಸುಮ್ಮನೆ ಗಾಬರಿ ಮಾಡುವುದೇಕೆ ಎಂದು ಹೇಳಲಿಲ್ಲ.

ಈಗ ಅದೇ ಹುಡುಗಿ, "ಅಪ್ಪ, ಇದಕ್ಕೆ ಒಳ್ಳೆ ಲಾಯರ್ ಬೇಕು. ಕೆನಡಾ ಇಮಿಗ್ರೇಷನ್ ಗೊತ್ತಿರೋರು" ಎಂದಳು.

"ಲಾಯರ್ ತಾನೆ? ಅದು ನನ್ನ ಡಿಪಾರ್ಟ್‌ಮೆಂಟು" ಎಂದರು ಭೈರೇಶಣ್ಣ.

ಲಾಯರನ್ನು ಆರಿಸುವುದರಲ್ಲಿ ಅವರಿಗೆ ಅನುಭವ ಕಡಿಮೆಯೇನಲ್ಲ. ದಾಯಾದಿಗಳ ಮೇಲೆ ಇಪ್ಪತ್ತೆರಡು ವರ್ಷ ಪಾಲಿನ ದಾವೆ ನಡೆಸಿದವರು. ಆಫೀಸಿನಲ್ಲಿ ಕಾಯುತ್ತಿರುವ ಚಪ್ಪಲಿಗಳ ಸಂಖ್ಯೆ ನೋಡಬೇಕು, ಲಾಯರ ಹಿಂದಿನ ಗೋಡೆಯಲ್ಲಿ ಪುಸ್ತಕ ಎಷ್ಟಿವೆ ನೋಡಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಮೊದಲ ಭೇಟಿಯಲ್ಲೇ "ಗೆಲ್ತೀವಿ" ಅನ್ನುತ್ತಾರೋ ಇಲ್ಲವೋ ನೋಡಬೇಕು ಎಂಬುದು ಅವರು ಎಲ್ಲರಿಗೂ ಹೇಳುವ ಪಾಠ. ಇಪ್ಪತ್ತೆರಡು ವರ್ಷದಲ್ಲಿ ಹೀಗೆ ಐವರು ಲಾಯರು ಬದಲಾಗಿ, ದಾವೆ ಕೊನೆಗೆ ದಾಯಾದಿಗಳ ಮದುವೆಯೊಂದರಲ್ಲಿ ರಾಜಿಯಾಯಿತು ಎಂಬುದನ್ನು ಪಾಠದಲ್ಲಿ ಸೇರಿಸುತ್ತಿರಲಿಲ್ಲ.

ಬಿಂದುಶ್ರೀ ಆಗಲೇ ಒಬ್ಬರನ್ನು ಹುಡುಕಿಟ್ಟಿದ್ದಳು. ಚೈತನ್ಯಾ ಎಂಬಾಕೆ, ಕೆನಡಾದಲ್ಲಿ ಕಾನೂನು ಓದಿ ಅಲ್ಲಿಯೇ ವಕೀಲಿ ಮಾಡಿದವರು, ತಾಯಿಯ ಆರೈಕೆಗೆಂದು ಬಂದು ಈಗ ವಿಜಯನಗರದಿಂದಲೇ ಅಲ್ಲಿನ ಕೇಸು ನೋಡುತ್ತಿದ್ದರು. ಗುರುವಾರ ಅಪ್ಪ ಮಗಳು ಹೋದರು. ಟೈಲರ್ ಅಂಗಡಿಯ ಮೇಲೊಂದು ಕೋಣೆ. ಹೊರಗೆ ಚಪ್ಪಲಿ ಇರಲಿಲ್ಲ. ಒಳಗೆ ಪುಸ್ತಕವಿರಲಿಲ್ಲ. ಒಂದು ಮೇಜು, ಒಂದು ಕಂಪ್ಯೂಟರು, ಕೂದಲಿಗೆ ಬಣ್ಣ ಹಚ್ಚದ ನಲವತ್ತೈದರ ಹೆಂಗಸು.

ಆಕೆ ಮೊದಲು ಮಾಡಿದ ಕೆಲಸವೆಂದರೆ ಒಂದು ಚೀಟಿಯಲ್ಲಿ ತಮ್ಮ ಹೆಸರು, ಲೈಸೆನ್ಸ್ ನಂಬರು ಬರೆದುಕೊಟ್ಟಿದ್ದು. "ಅಲ್ಲಿನ ವಕೀಲರ ಪಟ್ಟಿ ಇಂಟರ್ನೆಟ್ಟಲ್ಲಿ ಯಾರು ಬೇಕಾದ್ರೂ ನೋಡ್ಬಹುದು. ನನ್ನ ಹೆಸರಿದೆಯಾ, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ನೋಡ್ಕೊಂಡು ಆಮೇಲೆ ಫೈಲ್ ಕೊಡಿ. ನನ್ನತ್ರ ಅಂತಲ್ಲ, ಯಾರತ್ರ ಹೋದ್ರೂ ಇದನ್ನ ಮೊದಲು ಕೇಳಿ."

ಆಟೋದವರು ಮೀಟರ್ ತೋರಿಸಿದ ಹಾಗೆ ಲಾಯರೊಬ್ಬರು ನಂಬರು ತೋರಿಸುವುದೇ? ಭೈರೇಶಣ್ಣನಿಗೆ ಮೊದಲ ಅನುಮಾನ ಬಂತು.

"ಅದೆಲ್ಲ ಇರ್ಲಮ್ಮ. ಗೆಲ್ತೀವಾ ಇಲ್ವಾ ಅದನ್ನ ಹೇಳಿ."

"ಗೊತ್ತಿಲ್ಲ ಸಾರ್."

ಅಷ್ಟು ಸಲೀಸಾಗಿ ಆ ಪದ ಹೇಳಿದವರನ್ನು ಅವರು ಕಂಡಿರಲಿಲ್ಲ.

"ಮೊದ್ಲು ಏನ್ ನಡೀತು ಅಂತ ತಿಳ್ಕೊಬೇಕು" ಎಂದ ಚೈತನ್ಯಾ ಪರದೆಯ ಮೇಲೆ ಪತ್ರವನ್ನು ದೊಡ್ಡದು ಮಾಡಿದರು. "ಟೈಪಿಂಗ್ ಮಿಸ್ಟೇಕ್ ಅಂತಿದೀರ. ಎಂಟು ಹೋಗಿ ಆರು ಆಗ್ಬಹುದು, ಸರಿ. ಆದ್ರೆ ಕೆಳಗೆ 'ಒಟ್ಟು ಮೂರು ವರ್ಷ ಎಂಟು ತಿಂಗಳು' ಅಂತ ಅಕ್ಷರದಲ್ಲೂ ಇದೆಯಲ್ಲ? ಲೆಕ್ಕ ಹಾಕಿ ಬರೆದಿರೋದು ಇದು. ಈ ಲೆಟರ್ ತಂದೋರು ಯಾರು?"

"ಅಪ್ಪ" ಎಂದಳು ಬಿಂದುಶ್ರೀ.

"ಡಾಕ್ಟ್ರತ್ರ ಏನಂತ ಕೇಳಿದ್ರಿ ಸಾರ್?"

"ಏನಂತ ಕೇಳ್ತಾರೆ? ಲೆಟರ್ ಕೊಡಿ ಅಂದೆ."

"ಅಷ್ಟೇನಾ?"

ಆಕೆಯ ದನಿಯಲ್ಲಿ ಆಪಾದನೆಯಿರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. ರಿಂಗಾಗದ ಫೋನನ್ನು ಭೈರೇಶಣ್ಣ ಜೇಬಿನಿಂದ ತೆಗೆದು, "ಹಾಂ, ಹೇಳಿ, ಹೇಳಿ" ಎನ್ನುತ್ತ ಎದ್ದು ಮೆಟ್ಟಿಲಿಗೆ ಬಂದುಬಿಟ್ಟರು.

"ಆಯಮ್ಮ ನಮ್ಮನ್ನೇ ಪೊಲೀಸ್ ಸ್ಟೇಷನ್ನಲ್ಲಿ ಕೂರಿಸ್ದಂಗೆ ಕೇಳ್ತಾಳೆ" ಎಂದರು ದಾರಿಯಲ್ಲಿ. "ನಮ್ಮ ಪರವಾಗಿರೋ ಲಾಯರ್ ಹಿಂಗ್ ಮಾತಾಡ್ತಾರಾ?"

"ಅಪ್ಪ, ಆ ನಂಬರ್ ನೋಡ್ದೆ. ಪಟ್ಟಿಯಲ್ಲಿ ಹೆಸರಿದೆ."

"ಹೆಸರಿದ್ರೆ ಆಯ್ತಾ? ಧೈರ್ಯ ಬೇಕು ಲಾಯರ್‌ಗೆ."

ಅಂದಿನಿಂದ ಭೈರೇಶಣ್ಣ ಲಾಯರನ್ನು ಹುಡುಕಿದ್ದು ಒಂದೇ ಅರ್ಹತೆಯ ಮೇಲೆ, ಪ್ರಶ್ನೆ ಕೇಳಬಾರದು. ಈ ಅರ್ಹತೆ ಬಾಯಿಬಿಟ್ಟು ಹೇಳುವಂಥದ್ದಲ್ಲವಾದ್ದರಿಂದ ತಮಗೂ ಹೇಳಿಕೊಳ್ಳಲಿಲ್ಲ. ಹುಡುಕಿದ್ದು ಸಿಕ್ಕಿಯೂ ಬಿಟ್ಟಿತು. ರಾಜಾಜಿನಗರದಲ್ಲಿ, ಎರಡನೇ ಮಹಡಿಯಲ್ಲಿ, ಗಾಜಿನ ಬಾಗಿಲಿನ ಹಿಂದೆ. ಹೊರಗೆ ಚಪ್ಪಲಿ, ಶೂ ಸೇರಿ ಹದಿನೇಳು ಜೊತೆ. ಒಳಗೆ ಏಳು ದೇಶಗಳ ಬಾವುಟ, ಪಾಸ್‌ಪೋರ್ಟ್ ಹಿಡಿದು ನಗುವವರ ಫೋಟೋ ತುಂಬಿದ ಗೋಡೆ. ಕೋಟು ಹಾಕಿದ್ದ ಆನಂದ್ ಎಂಬ ಮೂವತ್ತೈದರ ಯುವಕ ಭೈರೇಶಣ್ಣನನ್ನು ಕಂಡಕೂಡಲೇ ಎದ್ದು ನಿಂತ. ಅರ್ಧ ಕೇಸು ಅಲ್ಲಿಯೇ ಗೆದ್ದಂತಾಯಿತು.

"ಹಂಡ್ರೆಡ್ ಪರ್ಸೆಂಟ್ ಆಗುತ್ತೆ ಸಾರ್. ಇಂಥವು ತಿಂಗಳಿಗೆ ಹತ್ತು ಮಾಡ್ತೀವಿ. ಡಾಕ್ಟ್ರಿಂದ ಒಂದು ಸಣ್ಣ ಲೆಟರು, 'ಟೈಪಿಂಗ್ ಮಿಸ್ಟೇಕ್ ಆಗಿದೆ' ಅಂತ. ಅಷ್ಟೇ. ಮೇಡಂ ಅಕೌಂಟ್ ಪಾಸ್‌ವರ್ಡ್ ಕೊಟ್ಬಿಡಿ, ಮಿಕ್ಕಿದ್ದು ನಾವ್ ನೋಡ್ಕೋತೀವಿ."

"ನಿಮ್ಮ ಲೈಸೆನ್ಸ್ ನಂಬರ್ ಏನು?" ಎಂದಳು ಬಿಂದುಶ್ರೀ.

ಆನಂದ್ ಅವಳಿಗಲ್ಲ, ಭೈರೇಶಣ್ಣನಿಗೆ ನಕ್ಕ. "ನಮ್ಮ ಸೀನಿಯರ್ ಟೊರಾಂಟೋದಲ್ಲಿದಾರೆ ಸಾರ್. ಫೈಲ್ ಅವರೇ ಸೈನ್ ಮಾಡೋದು."

"ಅವ್ರ ಹೆಸರು?"

"ಬಿಂದು" ಎಂದರು ಭೈರೇಶಣ್ಣ, ಮಕ್ಕಳು ಹಿರಿಯರ ಮುಂದೆ ಕಾಲ ಮೇಲೆ ಕಾಲು ಹಾಕಿದಾಗ ಹೇಳುವ ದನಿಯಲ್ಲಿ. ಪಾಸ್‌ವರ್ಡನ್ನು ಅಪ್ಪನೇ ಬರೆದುಕೊಟ್ಟರು. ಅದು ಅವರಿಗೆ ಗೊತ್ತಿತ್ತು, ಇಟ್ಟವರೇ ಅವರು.

ಮೇಲ್ ಬಂದ ಹನ್ನೆರಡನೆಯ ದಿನ ಆ ಸಣ್ಣ ಲೆಟರು ಕೇಳಲು ಅವರು ಡಾಕ್ಟರ್ ಮುನಿರಾಜುವಿನ ಬಳಿ ಹೋದರು. ಮೂರು ದಿನದಿಂದ ಡಾಕ್ಟರು ಫೋನ್ ತೆಗೆದಿರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಕೌಂಟರಿನಾಕೆ ಭೈರೇಶಣ್ಣನ ಕೈಗೆ ಟೋಕನ್ ಕೊಟ್ಟಳು. ಇಪ್ಪತ್ತಾರನೇ ನಂಬರು. ಕೆಮ್ಮುವವರ ನಡುವೆ ಒಂದೂಕಾಲು ಗಂಟೆ ಕೂತು ಒಳಗೆ ಹೋದಾಗ ಡಾಕ್ಟರು ಕುರ್ಚಿ ತೋರಿಸಲಿಲ್ಲ.

"ಕೆನಡಾ ಆಫೀಸಿಂದ ಫೋನ್ ಬಂದಿತ್ತು ಅಣ್ಣ, ಎರಡು ತಿಂಗಳ ಹಿಂದೆ" ಎಂದರು ಮೆಲ್ಲಗೆ. "ಈ ಲೆಟರ್ ನಿಮ್ದಾ ಅಂದ್ರು. ನಮ್ದಲ್ಲ ಅಂದ್ಬಿಟ್ಟೆ."

"ನಿಮ್ದಲ್ಲ ಅಂದ್ರೆ? ಸೀಲು, ಸಹಿ..."

"ಹುಡುಗಿ ಎಲ್ಲಿಂದ ತಂದ್ಲೋ ಗೊತ್ತಿಲ್ಲ ಅಂದೆ."

"ಮುನಿರಾಜು, ನನ್ನ ಮಗಳು ಕಣೋ ಅವ್ಳು. ನಿನ್ನ ಕಣ್ಮುಂದೆ ಬೆಳೆದೋಳು."

"ನಂಗೂ ಒಂದು ಲೈಸೆನ್ಸ್ ಇದೆ ಭೈರೇಶಣ್ಣ" ಎಂದರು ಡಾಕ್ಟರು, ಗಂಟೆ ಒತ್ತಿದರು. ಇಪ್ಪತ್ತೇಳನೇ ನಂಬರಿನ ಮುದುಕಿ ಒಳಗೆ ಬಂದು ಅದೇ ಕುರ್ಚಿಯಲ್ಲಿ ಕೂತಳು.

ಮನೆಯಲ್ಲಿ, "ಡಾಕ್ಟ್ರು ಊರಲ್ಲಿಲ್ಲ" ಎಂದರು. ಆನಂದನಿಗೂ ಅದನ್ನೇ ಹೇಳಿದರು. "ತಲೆ ಕೆಡಿಸ್ಕೋಬೇಡಿ ಸಾರ್" ಎಂದ ಆನಂದ್.

ದಿನಗಳು ಉರುಳಿದವು. ಬಿಂದುಶ್ರೀ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿಲ್ಲ, ಹಠ ಮಾಡಲಿಲ್ಲ, ಡ್ಯೂಟಿಗೆ ಹೋಗಿ ಬಂದಳು. "ಆ ಸೀನಿಯರ್ ಹೆಸರು ಕೇಳಿದ್ಯಾ ಅಪ್ಪ?" ಎಂದು ಎರಡು ಸಲ ಕೇಳಿ, ಮೂರನೆಯ ಸಲ ಕೇಳಲಿಲ್ಲ. ಅದು ಭೈರೇಶಣ್ಣನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಶಿವಗಂಗಮ್ಮ ಮಾತ್ರ, "ನಿಮ್ಗೆ ಏನಾಗಿದೆ ರೀ? ತಟ್ಟೇಲಿ ಮುದ್ದೆ ಹಂಗೇ ಇದೆ. ಊರ ಉಸಾಬರಿಯೆಲ್ಲ ಮಾಡೋರು ಮನೇಲಿ ಬಾಯಿಗೆ ಬೀಗ ಹಾಕ್ಕೊಂಡಿದೀರ" ಎಂದರು.

ಇಪ್ಪತ್ತಾರನೆಯ ದಿನ ಆನಂದ್ ಫೋನ್ ಮಾಡಿದ. "ಲೆಟರ್ ರೆಡಿ ಸಾರ್, ಬಂದು ನೋಡ್ಕೊಂಡ್ ಹೋಗಿ. ನಾಳೆ ಬೆಳಿಗ್ಗೆ ಅಪ್‌ಲೋಡ್ ಮಾಡ್ಬಿಡ್ತೀವಿ."

ಭೈರೇಶಣ್ಣ ಹೋಗಿ ನೋಡಿದರು. ಡಾಕ್ಟರ್ ಮುನಿರಾಜುವಿನ ಹೆಸರಿನ ಲೆಟರ್‌ಹೆಡ್ಡು, ದುಂಡನೆಯ ಮುದ್ರೆ, ವಿಷಾದ ವ್ಯಕ್ತಪಡಿಸುವ ಸೊಗಸಾದ ಇಂಗ್ಲಿಷು. ಕೆಳಗೆ ಇಂಗ್ಲಿಷಿನಲ್ಲೇ ನೀಲಿ ಸಹಿ. ಡಾಕ್ಟರು ಜೀವಮಾನದಲ್ಲಿ ಔಷಧ ಚೀಟಿಗೂ ಕನ್ನಡ ಬಿಟ್ಟು ಸಹಿ ಹಾಕಿದವರಲ್ಲ.

"ಡಾಕ್ಟ್ರು ಕೊಟ್ರಾ ಇದನ್ನ?"

"ನಮ್ಮ ಸ್ಟಾಫ್ ಮಾಡಿಸ್ಕೊಂಡ್ ಬಂದಿದಾರೆ ಸಾರ್."

"ಡಾಕ್ಟ್ರು ಊರಲ್ಲಿಲ್ವಲ್ಲ."

ಆನಂದ್ ಮೊದಲ ದಿನದ ನಗೆಯನ್ನೇ ನಕ್ಕ. "ನೀವು ಊರಲ್ಲಿಲ್ಲ ಅಂದ್ರಿ, ನಾವು ಇದಾರೆ ಅಂದ್ವಿ. ನಮಗ್ಯಾಕೆ ಸಾರ್ ಅವೆಲ್ಲ? ಹಾಂ, ಮೇಡಂ ಹೆಸರಲ್ಲಿ ಹೋಗೋದ್ರಿಂದ ನಮ್ಮ ಕಂಪನಿ ಹೆಸರು ಎಲ್ಲೂ ಬರಲ್ಲ. ಸೇಫು."

ಯಾರಿಗೆ ಸೇಫು ಎಂದು ಅವನು ಹೇಳಲಿಲ್ಲ. ಬಾವುಟಗಳ ಕೆಳಗೆ ಕೂತಿದ್ದ ಭೈರೇಶಣ್ಣನಿಗೆ, ತನಗೆ ಬೇಕಾದಂಥ ಲಾಯರು ಅಕ್ಷರಶಃ ಸಿಕ್ಕಿದ್ದಾನೆ ಎಂದು ಅರ್ಥವಾಯಿತು. ಅವನು ಏನನ್ನೂ ಕೇಳಿರಲಿಲ್ಲ. ಹೀಗಾಗಿ ಮಗಳ ಹೆಸರಿನಲ್ಲಿ ಈಗಾಗಲೇ ಇದ್ದ ಒಂದು ಸುಳ್ಳಿನ ಪಕ್ಕಕ್ಕೆ ಇನ್ನೊಂದು ಬರಲು ಒಂದು ರಾತ್ರಿ ಮಾತ್ರ ಉಳಿದಿತ್ತು. ಡಾಕ್ಟರು ಆಗಲೇ "ನಮ್ದಲ್ಲ" ಎಂದಿರುವ ಕಡೆಗೆ ಅದೇ ಡಾಕ್ಟರ ಕಳ್ಳ ಸಹಿ ಹೋಗುತ್ತಿತ್ತು.

ಮೆಟ್ಟಿಲಿಳಿದು ಮಗಳಿಗೆ ಫೋನ್ ಮಾಡಿದರು. "ಆ ವಿಜಯನಗರದ ಅಮ್ಮ ಈಗ ಸಿಗ್ತಾರಾ ಕೇಳು. ಈಗ್ಲೇ. ಯಾಕೆ ಅಂತ ಅಲ್ಲೇ ಹೇಳ್ತೀನಿ."

ಚೈತನ್ಯಾ ಸಿಕ್ಕರು. ಭೈರೇಶಣ್ಣ ಆನಂದನ ಪತ್ರದ ವಿಷಯ ಹೇಳುತ್ತಿದ್ದಂತೆ ಆಕೆ ಕೈ ಅಡ್ಡ ಹಿಡಿದು, ಬಿಂದುಶ್ರೀಯ ಕಡೆ ಕೀಬೋರ್ಡ್ ತಿರುಗಿಸಿದರು. "ಮೊದ್ಲು ಪಾಸ್‌ವರ್ಡ್ ಬದಲಾಯ್ಸಿ. ಮಾತು ಆಮೇಲೆ." ಅವಳು ಬದಲಾಯಿಸಿದಳು. ಒಳಗೆ ಇನ್ನೂ ಏನೂ ಹೋಗಿರಲಿಲ್ಲ.

"ಈಗ ಹೇಳಿ ಸಾರ್. ಡಾಕ್ಟ್ರತ್ರ ಏನಂತ ಕೇಳಿದ್ರಿ?"

ಕೆಳಗೆ ಟೈಲರ ಮಿಷನ್ ಓಡುತ್ತಿತ್ತು. ಅದು ನಿಂತಾಗ ಹೇಳೋಣವೆಂದು ಭೈರೇಶಣ್ಣ ಕಾದರು. ಅದು ನಿಲ್ಲಲಿಲ್ಲ. ಹೇಳಿದರು. ಎಷ್ಟು ಹಾಕ್ಸಲಿ ಎಂದದ್ದು, ಮೂರರ ಮೇಲಿರಲಿ ಎಂದದ್ದು, ಕಾಫಿ ಕುಡಿದದ್ದು, ಟೋಕನ್ ಹಿಡಿದು ಕೂತದ್ದು. ಮಗಳ ಮುಖವೊಂದನ್ನು ಬಿಟ್ಟು ಕೋಣೆಯಲ್ಲಿದ್ದ ಎಲ್ಲವನ್ನೂ ನೋಡುತ್ತ ಹೇಳಿದರು. ಚೈತನ್ಯಾ ನಡುವೆ ಬಾಯಿ ಹಾಕದೆ ಬರೆದುಕೊಂಡರು.

"ಇದನ್ನ ನೀವು ಪ್ರಮಾಣ ಮಾಡಿ ಬರ್ಕೊಡ್ಬೇಕು. ಆಕೆಗೆ ಗೊತ್ತಿರ್ಲಿಲ್ಲ ಅಂತ. ಅವ್ರು ನಂಬ್ತಾರೋ ಇಲ್ವೋ ನಾನು ಹೇಳಕ್ಕಾಗಲ್ಲ. ಡಾಕ್ಟ್ರು ನಿಮ್ಮ ಮೇಲೆ ತಿರುಗಿ ಬೀಳ್ಬಹುದು, ಅದೂ ಗೊತ್ತಿರ್ಲಿ." ಆಕೆ ಪತ್ರವನ್ನು ಮತ್ತೊಮ್ಮೆ ಪರದೆಗೆ ತಂದರು, ಮೇಲಿನ ಮೂಲೆಯನ್ನು ದೊಡ್ಡದು ಮಾಡಿದರು. "ಇನ್ನೊಂದು ವಿಷ್ಯ. ಲೆಟರ್ ತಾರೀಖು ಎರಡು ಸಾವಿರದ ಇಪ್ಪತ್ತು, ಮಾರ್ಚ್ ಎರಡು. ನೀವು ಅರ್ಜಿ ಹಾಕಿದ್ದು ಹೋದ ವರ್ಷ. ಕೆನಡಾ ಮಾತೇ ಇಲ್ದಿದ್ದಾಗ ಈ ಲೆಟರ್ ಯಾಕೆ ಮಾಡಿಸಿದ್ರಿ?"

ಉತ್ತರ ಬಂದದ್ದು ಪಕ್ಕದ ಕುರ್ಚಿಯಿಂದ, ಬಹಳ ನಿಧಾನವಾಗಿ.

"ಮಾರ್ಚ್ ಒಂಬತ್ತಕ್ಕೆ ನಾನು ಆಸ್ಪತ್ರೆ ಸೇರಿದ್ದು. ಮೂರು ವರ್ಷ ಎಕ್ಸ್‌ಪೀರಿಯೆನ್ಸ್ ಕೇಳಿದ್ರು. ಇಲ್ಲ ಅಂತ ಇಂಟರ್‌ವ್ಯೂನಲ್ಲೇ ಹೇಳಿದ್ದೆ ನಾನು. ಆದ್ರೂ ತಗೊಂಡ್ರು. ಕೆಲಸ ನೋಡಿ ತಗೊಂಡ್ರು ಅಂದ್ಕೊಂಡಿದ್ದೆ." ಅವಳು ಅಪ್ಪನ ಕಡೆ ತಿರುಗಿದಳು. "ಅಲ್ಲಿಗೂ ಕೊಟ್ಟಿದ್ಯಾ ಇದನ್ನ?"

"ಆಡಳಿತ ಆಫೀಸಲ್ಲಿ ನಮ್ಮೋರೊಬ್ರಿದ್ರು. ಫೈಲಿಗೆ ಒಂದಿರ್ಲಿ ಅಂದ್ರು. ನಿನ್ಗೆ ಒಳ್ಳೇದಾಗ್ಲಿ ಅಂತ ಕಣಮ್ಮ..."

ಐದು ವರ್ಷ ಅವಳು ಕೈಯಾರೆ ಸೂಜಿ ಚುಚ್ಚಿ, ರಾತ್ರಿ ಪಾಳಿ ಮಾಡಿ ಗಳಿಸಿದ್ದು ಆ ವಾಕ್ಯದ ಮುಂದೆ ಏನಾಯಿತು ಎಂಬುದನ್ನು ನೋಡುವ ಧೈರ್ಯ ಭೈರೇಶಣ್ಣನಿಗೆ ಬರಲಿಲ್ಲ.

ಚೈತನ್ಯಾ ಪೆನ್ನು ಕೆಳಗಿಟ್ಟರು. "ಬಿಂದುಶ್ರೀ, ಕೇಳಿ. ಇವತ್ತು ಉತ್ತರದಲ್ಲಿ ನಿಜ ಬರೀಬೇಕು ಅಂದ್ರೆ ಇದನ್ನೂ ಬರೀಬೇಕು. ಅರ್ಧ ನಿಜ ನಾನು ಕಳ್ಸಲ್ಲ. ಬರೆದ್ರೆ ಅವ್ರು ಆಸ್ಪತ್ರೆಗೂ ಫೋನ್ ಮಾಡ್ಬಹುದು, ಈಗಿರೋ ಕೆಲಸವೂ ಹೋಗ್ಬಹುದು. ಯೋಚ್ನೆ ಮಾಡಿ. ನಾಲ್ಕು ದಿನ ಇದೆ. ನಿರ್ಧಾರ ನಿಮ್ದು, ಇವರದ್ದಲ್ಲ."

"ಬಿಂದು, ಒಂದು ಮಾತು..." ಎಂದರು ಭೈರೇಶಣ್ಣ.

"ಬರೀರಿ ಮೇಡಂ" ಎಂದ ಬಿಂದುಶ್ರೀ ಗಡಿಯಾರ ನೋಡಿದಳು. "ಎರಡು ಗಂಟೆಗೆ ನನ್ನ ಶಿಫ್ಟು. ಅದಕ್ಕೂ ಮುಂಚೆ ಆಸ್ಪತ್ರೆಲಿ ನಾನೇ ಹೇಳ್ಬಿಡ್ತೀನಿ. ಬೇರೆಯವ್ರ ಬಾಯಿಂದ ಗೊತ್ತಾಗೋದು ಬೇಡ."

"ನಾನೂ ಬರ್ತೀನಿ ಕಣಮ್ಮ. ಅಲ್ಲಿ ನಂಗೆ ಒಬ್ರು..."

ಅವಳು ಎದ್ದು ಬ್ಯಾಗು ಹೆಗಲಿಗೇರಿಸಿದಳು. ಕೋಪವಿದ್ದಿದ್ದರೆ ಭೈರೇಶಣ್ಣನಿಗೆ ಏನಾದರೂ ಹೇಳಲು ದಾರಿಯಿರುತ್ತಿತ್ತು. ಅವಳ ಮುಖದಲ್ಲಿ ಕೋಪವಿರಲಿಲ್ಲ.

"ನೀನು ಇಲ್ಲೇ ಕೂತ್ಕೋ ಅಪ್ಪ. ಇವ್ರು ಕೇಳಿದ್ದಕ್ಕೆಲ್ಲ ಉತ್ತರ ಹೇಳು."

ಅವಳು ಮೆಟ್ಟಿಲಿಳಿದು ಮೆಟ್ರೋ ಕಡೆ ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ಚೈತನ್ಯಾ ಹೊಸ ಹಾಳೆ ತೆರೆದು, ಮೊದಲ ಪ್ರಶ್ನೆ ಕೇಳಿದರು.